ಒಳಮನೆಯ ಮಾತು, ಜಗಲಿಯ ಕನ್ನಡ

ಬೆಂಗಳೂರಿನ ಜನಸಂಖ್ಯೆ ಒಂದು ಕಾಲದಲ್ಲಿ ಇಳಿದಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಗಣತಿಯ ಪುಸ್ತಕ ಮಾತ್ರ ಹಾಗೆಯೇ ಹೇಳುತ್ತದೆ. 1891ರಲ್ಲಿ ಪೇಟೆ, ದಂಡು ಎರಡೂ ಸೇರಿ 1,80,366 ಮಂದಿ ಇದ್ದರು. 1901ರಲ್ಲಿ ಎಣಿಸಿದಾಗ ಸಿಕ್ಕವರು 1,59,046 ಮಂದಿ. ಇಪ್ಪತ್ತೊಂದು ಸಾವಿರಕ್ಕೂ ಮಿಕ್ಕಿ ಜನ ಲೆಕ್ಕದಿಂದ ಕಾಣೆಯಾಗಿದ್ದರು. 1898ರ ಆಗಸ್ಟಿನಲ್ಲಿ ರೈಲು ಹತ್ತಿ ಬಂದ ಪ್ಲೇಗು ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಮನೆಮನೆ ಹೊಕ್ಕಿತ್ತು. ಕೆಲವರು ಸತ್ತರು, ಕೆಲವರು ಹಳ್ಳಿಗೆ ಓಡಿದರು, ಇನ್ನು ಕೆಲವರು ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಬೀಗ ಜಡಿದ ಮನೆಗಳಿಗೆ ಮತ್ತೆ ಬಂದು ಸೇರುವ ಧೈರ್ಯ ಬಹಳ ಜನಕ್ಕೆ ಬರಲಿಲ್ಲ.

ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಈ ಭಯದಲ್ಲಿ. ದಕ್ಷಿಣಕ್ಕೆ ಸುಂಕೇನಹಳ್ಳಿಯ ಹತ್ತಿರ ಕೆಂಪೇಗೌಡರ ಕಾಲದ ದೊಡ್ಡ ಬಸವಣ್ಣನ ಗುಡಿಯ ಸುತ್ತ ಒಂದು ಬಡಾವಣೆ, ಉತ್ತರಕ್ಕೆ ಕಾಡು ಮಲ್ಲೇಶ್ವರನ ಗುಡಿಯ ಪಕ್ಕ ಮಲ್ಲಾಪುರದ ಕಡೆ ಇನ್ನೊಂದು. ಇವೆರಡಕ್ಕೂ ಅಕ್ಕನಂತೆ ಇದ್ದದ್ದು ಚಾಮರಾಜಪೇಟೆ. ಅದು ಪ್ಲೇಗಿಗೆ ಮುಂಚೆಯೇ, 1892ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಎದ್ದಿತ್ತು. ಮೂರರಲ್ಲೂ ನೇರ ರಸ್ತೆ, ಅಡ್ಡರಸ್ತೆ, ಲೆಕ್ಕ ಹಾಕಿ ಕೊಟ್ಟ ನಿವೇಶನ, ಮನೆಯ ಹಿಂದೆ ಕಕ್ಕಸು ಬಳಿಯುವವರು ಬರಲೆಂದೇ ಬಿಟ್ಟ ಓಣಿ. ಮಲ್ಲೇಶ್ವರದವರು ರಸ್ತೆಗೆ ಸಂಪಿಗೆಯ ಹೆಸರಿಟ್ಟರು, ಬೇವಿನ ಹೆಸರಿಟ್ಟರು. ಆಗ ಇವು ನಗರವೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಹೊಲದ ಮಧ್ಯೆ ಅಳತೆಪಟ್ಟಿ ಹಿಡಿದು ಕೂರಿಸಿದ ಹಳ್ಳಿಗಳವು. ಕಾರ್ತಿಕದ ಕಡೆಯ ಸೋಮವಾರ ಬಸವಣ್ಣನಿಗೆ ಕಡಲೆಕಾಯಿ ತರುವ ರೈತರು ಬಡಾವಣೆಗಿಂತ ಮೊದಲಿನವರು. ಈಗಲೂ ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಯಜಮಾನಿಕೆ ಅವರದೇ.

ಹೀಗೆ ಕೂರಿಸಿದ ಊರಿಗೆ ಬಂದವರು ಯಾರು? ಸರ್ಕಾರಿ ನೌಕರರು, ವಕೀಲರು, ಮೇಷ್ಟ್ರುಗಳು, ಪಿಂಚಣಿ ಬರುವ ಅಮಲ್ದಾರರು. ಬಸವನಗುಡಿಯಲ್ಲಿ ಸರ್ವೇಯರ್ ಸ್ಟ್ರೀಟ್ ಎಂಬ ರಸ್ತೆಯೇ ಇದೆ. ಮುಳಬಾಗಿಲು, ಕೋಲಾರದ ಕಡೆಯಿಂದ ಬಂದವರ ಮನೆಯಲ್ಲಿ ತೆಲುಗು. ಹಾಸನ, ಮೇಲುಕೋಟೆ ಕಡೆಯ ಅಯ್ಯಂಗಾರರ ಮನೆಯಲ್ಲಿ ಅವರದೇ ಒಂದು ತಮಿಳು. ಕಾವೇರಿ ದಂಡೆಯ ಅಗ್ರಹಾರಗಳವರಲ್ಲಿ ಸಂಕೇತಿ. ಹಳೆಯ ಮರಾಠಾ ಕಾಲದಿಂದ ನೆಲೆಸಿದ ದೇಶಸ್ಥರಲ್ಲಿ ಮರಾಠಿ. ಈ ಬಡಾವಣೆಗಳಿಗೆ ಕಾರಣರಾದ ಅಧಿಕಾರಿಗಳನ್ನೇ ನೋಡಿ: 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಪಾಲ್ಘಾಟ್ ಸೀಮೆಯ ತಮಿಳರು. ಪ್ಲೇಗಿನ ಕಾಲದಲ್ಲಿ ಪ್ಲೇಗ್ ಕಮಿಷನರ್ ಆಗಿ ದುಡಿದು ಮುಂದೆ ತಾವೂ ದಿವಾನರಾದ ವಿ.ಪಿ. ಮಾಧವರಾವ್ ಕುಂಭಕೋಣದಲ್ಲಿ ಹುಟ್ಟಿದ ಮರಾಠಿ ಮನೆತನದವರು. 'ಮೈಸೂರು ಮೈಸೂರಿನವರಿಗೆ' ಎಂಬ ಕೂಗು, ಮದರಾಸಿನವರ ಮೇಲಿನ ಗೊಣಗಾಟ ಆ ದಿನಗಳಲ್ಲಿ ಕಚೇರಿಗಳ ಒಳಗೆ ಜೋರಾಗಿಯೇ ಇತ್ತು. ಆದರೆ ಗೊಣಗುತ್ತಿದ್ದವರ ಮನೆಯಲ್ಲೂ ಎಷ್ಟೋ ಕಡೆ ಕನ್ನಡವಲ್ಲದ ಇನ್ನೊಂದು ಮಾತೇ ನಡೆಯುತ್ತಿತ್ತು.

ಇಷ್ಟು ಮನೆಮಾತುಗಳ ನಡುವೆ ಬೀದಿಯ ಮಾತು ಕನ್ನಡವೇ ಆಯಿತು, ಅದೂ ಯಾರ ಬಲವಂತವೂ ಇಲ್ಲದೆ. ಈ ಊರುಗಳ ಸ್ವಭಾವ ತಿಳಿಯಬೇಕಾದರೆ ಹಿಡಿಯಬೇಕಾದ ಎಳೆ ಇದೇ ಎಂದು ನನ್ನ ಎಣಿಕೆ. ದಂಡಿನ ಕಡೆಯ ಕಥೆ ಬೇರೆ. 1901ರಲ್ಲಿ ಪೇಟೆಯ ಮುನಿಸಿಪಾಲಿಟಿಯಲ್ಲಿ 69,447 ಜನರಿದ್ದರೆ ದಂಡಿನಲ್ಲಿ 89,599. ಸೈನ್ಯದ ಬೆನ್ನಿಗೆ ಮದರಾಸು ಸೀಮೆಯಿಂದ ಬಂದ ತಮಿಳರು ಅಲ್ಲಿ ಎಷ್ಟಿದ್ದರೆಂದರೆ ಅವರ ಮಾತು ಮನೆಯ ಹೊಸ್ತಿಲು ದಾಟಿ ಅಂಗಡಿ, ಶಾಲೆ, ಗುಡಿ, ಮಾರುಕಟ್ಟೆಯವರೆಗೂ ನಡೆಯಬಲ್ಲದಾಗಿತ್ತು. ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಯಾವ ಗುಂಪಿಗೂ ಅಂಥ ಸಂಖ್ಯೆ ಇರಲಿಲ್ಲ. ಎದುರುಮನೆಯವರದು ತೆಲುಗು, ಪಕ್ಕದವರದು ಮರಾಠಿ, ಹಿಂದಿನ ಓಣಿಯಲ್ಲಿ ಸಂಕೇತಿ. ಅರಿಶಿನ ಕುಂಕುಮಕ್ಕೆ ಕರೆಯಬೇಕು, ಹೆಪ್ಪಿಗೆ ಮೊಸರು ಕೇಳಬೇಕು, ಶ್ರಾದ್ಧದ ದಿನ ಬಾವಿಯ ನೀರು ಸೇದಿಕೊಳ್ಳಲು ಒಪ್ಪಿಗೆ ಬೇಕು. ಇದಕ್ಕೆಲ್ಲ ಎಲ್ಲರಿಗೂ ಹೊಂದುವ ಒಂದು ಮಾತು ಬೇಕಿತ್ತು. ಸರ್ಕಾರದ ಕಾಗದ, ಮಕ್ಕಳ ಶಾಲೆ, ತರಕಾರಿ ತರುವ ಹಳ್ಳಿಯ ಹೆಂಗಸು, ಮೂರೂ ಕಡೆ ಇದ್ದದ್ದು ಕನ್ನಡ. ಹೀಗೆ ಒಳಮನೆಯಲ್ಲಿ ಒಂದು, ಜಗಲಿಯಲ್ಲಿ ಕನ್ನಡ ಎಂಬ ಏರ್ಪಾಟು ತಾನಾಗಿ ಕುದುರಿತು.

ಜಗಲಿಯ ಈ ಕನ್ನಡದಿಂದ ಏನು ಬೆಳೆಯಿತು ಎನ್ನುವುದಕ್ಕೆ ಬಸವನಗುಡಿಯ ಗಾಂಧಿ ಬಜಾರಿನ ಸುತ್ತಣ ಅರ್ಧ ಗಂಟೆಯ ನಡಿಗೆ ಸಾಕು. ಗವೀಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ. ಮನೆಮಾತು ತಮಿಳು, ಕನ್ನಡದ ಸಣ್ಣಕಥೆಗೆ ಮೈ ಬಂದದ್ದು ಅವರ ಕೈಯಲ್ಲಿ, 'ಚಿಕವೀರ ರಾಜೇಂದ್ರ' ಕಾದಂಬರಿಗೆ 1983ರ ಜ್ಞಾನಪೀಠ. ಅಲ್ಲಿಂದ ನರಸಿಂಹರಾಜ ಕಾಲೋನಿಯ ಕಡೆ ನಡೆದರೆ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಡಿವಿಜಿ ಮುಳಬಾಗಿಲಿನವರು. ಕನ್ನಡವಲ್ಲದ ಮನೆಮಾತಿನವರು ಬರೆದ 'ಮಂಕುತಿಮ್ಮನ ಕಗ್ಗ' ಇವತ್ತು ಕನ್ನಡಿಗರ ಮನೆಗಳ ಗೋಡೆ ಕ್ಯಾಲೆಂಡರಿನಲ್ಲೂ ಇದೆ, ಮದುವೆಯ ಆಮಂತ್ರಣದಲ್ಲೂ ಇದೆ. 1918ರಲ್ಲಿ 'ಟೊಳ್ಳುಗಟ್ಟಿ' ಬರೆದ ಟಿ.ಪಿ. ಕೈಲಾಸಂ ಕೂಡ ತಮಿಳು ಮನೆತನದವರೇ. ಅವರ ನಾಟಕದ ಪಾತ್ರಗಳು ಆಡುವ ಇಂಗ್ಲಿಷ್ ಬೆರೆತ ಕನ್ನಡವನ್ನು ಆಗಿನ ಪಂಡಿತರು ಮೂಗು ಮುರಿದು ಕೇಳಿದರು. ಬೆಂಗಳೂರಿನ ಜಗಲಿಯ ಮೇಲೆ ಮುಂದಿನ ಸರದಿ ಯಾವ ಭಾಷೆಯದು ಎಂಬುದನ್ನು ಕೈಲಾಸಂ ಎಲ್ಲರಿಗಿಂತ ಮೊದಲೇ ಕೇಳಿಸಿಕೊಂಡಿದ್ದರು.

ಒಂದು ತಲೆಮಾರು ಕಳೆದ ಮೇಲೆ ದೇವನಹಳ್ಳಿಯಲ್ಲಿ ಹುಟ್ಟಿದ, ಮನೆಯಲ್ಲಿ ಉರ್ದು ಆಡುವ ತರುಣರೊಬ್ಬರು 1960ರಲ್ಲಿ ತಮ್ಮ ಮೊದಲ ಕವನಸಂಕಲನ ತಂದರು. ಹೆಸರು 'ಮನಸು ಗಾಂಧಿ ಬಜಾರು'. ಕೆ.ಎಸ್. ನಿಸಾರ್ ಅಹಮದರಿಗೆ ಮನಸ್ಸನ್ನು ಹೋಲಿಸಲು ಸಿಕ್ಕ ಜಾಗ ಇದು. ಬಸವನಗುಡಿಯ ಬಗ್ಗೆ ಎಷ್ಟೋ ಜನ ಹೆಮ್ಮೆಯ ಮಾತು ಬರೆದಿದ್ದಾರೆ. ಆ ಮೂರು ಪದದ ಶೀರ್ಷಿಕೆಯ ಮುಂದೆ ಉಳಿದದ್ದೆಲ್ಲ ನನಗೆ ಸಪ್ಪೆ.

ಇದು ಬಸವನಗುಡಿಗೆ ಮಾತ್ರ ಸಲ್ಲುವ ಸಂಗತಿಯಲ್ಲ. ಧಾರವಾಡದ ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಂಜೇಶ್ವರದ ಗೋವಿಂದ ಪೈಗಳ ಮನೆಯಲ್ಲಿ ಕೊಂಕಣಿ. ಆದರೆ ಧಾರವಾಡಕ್ಕೂ ಮಂಜೇಶ್ವರಕ್ಕೂ ಭಾಷೆಯ ಗಡಿ ಪಕ್ಕದಲ್ಲೇ ಇದೆ. ಎರಡು ಮಾತು ಕೂಡುವುದು ಅಲ್ಲಿ ಸಹಜ. ಬಸವನಗುಡಿಗೆ ಗಡಿಯಿಲ್ಲ. ಗಡಿಗಳಿಂದ ಎದ್ದುಬಂದವರು ಇಲ್ಲಿ ನಿವೇಶನ ಸಂಖ್ಯೆಯ ಪ್ರಕಾರ ಸಾಲಾಗಿ ಕೂತರು, ಅಷ್ಟೆ.

ಗಣತಿಯವರಿಗೆ ಈ ಏರ್ಪಾಟನ್ನು ಬರೆದುಕೊಳ್ಳುವುದು ಎಷ್ಟು ಕಷ್ಟ ಎನ್ನುವುದನ್ನು 2011ರ ಫೆಬ್ರುವರಿಯಲ್ಲಿ ನಮ್ಮ ಪರಿಚಯದ ಒಂದು ಮನೆಯಲ್ಲಿ ಕೂತು ನೋಡಿದ್ದೆ. ಹಾಸನ ಕಡೆಯ ಹೆಬ್ಬಾರ ಅಯ್ಯಂಗಾರರ ಮನೆ. ಸಾರಿಗೆ ಸಾತ್ತಮುದು, ಪಾಯಸಕ್ಕೆ ತಿರುಕಣ್ಣಮುದು ಎನ್ನುವವರು. ಗಣತಿಗೆ ಬಂದವರು ಸರ್ಕಾರಿ ಶಾಲೆಯ ಮೇಡಂ. ಹೆಸರು, ವಯಸ್ಸು, ಧರ್ಮ ಎಲ್ಲ ಮುಗಿದು ಮಾತೃಭಾಷೆಯ ಕಾಲಂ ಬಂತು.

"ಅಜ್ಜಿ, ನಿಮ್ಮ ಮಾತೃಭಾಷೆ?"

"ಕನ್ನಡ ಅಂತ ಬರ್ಕೊಳಮ್ಮ."

ಮಗನಿಗೆ ನಗು ಬಂತು. "ಅಮ್ಮ, ಮನೇಲಿ ನಾವು ಆಡೋದು ತಮಿಳಲ್ವಾ?"

"ಅದ್ಯಾವ ತಮಿಳೋ! ಮದ್ರಾಸಿಗೆ ಹೋಗಿ ಆಡಿದ್ರೆ ಜನ ನಗ್ತಾರೆ. ನಾನು ಓದೋದು ಕನ್ನಡ, ಕಾಗದ ಬರೆಯೋದು ಕನ್ನಡ, ಹಾಲಿನ ಲೆಕ್ಕ ಹಾಕೋದೂ ಕನ್ನಡದಲ್ಲೇ."

ಮೇಡಂಗೆ ನಿಯಮ ಬಾಯಿಪಾಠವಾಗಿತ್ತು. "ಹಾಗಲ್ಲ ಅಜ್ಜಿ. ನೀವು ಚಿಕ್ಕವರಿದ್ದಾಗ ನಿಮ್ಮಮ್ಮ ನಿಮ್ಮ ಹತ್ರ ಯಾವ ಭಾಷೆ ಆಡ್ತಿದ್ರೋ ಅದು."

ಅಜ್ಜಿ ಒಂದು ಗಳಿಗೆ ಯೋಚಿಸಿದರು. "ಮುದ್ದು ಮಾಡೋವಾಗ ನಮ್ಮ ಮಾತು. ಬೈಯೋವಾಗ ಕನ್ನಡ. ಹಳ್ಳಿ ಆಳುಗಳಿಗೂ ಅರ್ಥ ಆಗ್ಲಿ ಅಂತ ಕನ್ನಡದಲ್ಲೇ ಬೈಯೋರು."

ಮೇಡಂ ನಕ್ಕು ಏನೋ ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು. ಏನು ಬರೆದರೆಂದು ಕೇಳುವಂತಿಲ್ಲ. 1948ರ ಗಣತಿ ಕಾಯ್ದೆಯ ಪ್ರಕಾರ ಒಬ್ಬೊಬ್ಬರ ಉತ್ತರವೂ ಗುಟ್ಟು. ಹಾಗೆ ನೋಡಿದರೆ ನಿಯಮ ಅಜ್ಜಿಯ ಪರವೂ ಇದೆ, ಮಗನ ಪರವೂ ಇದೆ. ಬಾಲ್ಯದಲ್ಲಿ ತಾಯಿ ಆಡಿದ ಮಾತೇ ಮಾತೃಭಾಷೆ ಎಂದು ಒಂದು ಕಡೆ ಹೇಳುತ್ತದೆ, ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳಿ ಎಂದೂ ಹೇಳುತ್ತದೆ.

ಆ ಅಜ್ಜಿಯಂಥವರ ಉತ್ತರಗಳೆಲ್ಲ ಸೇರಿ 2011ರಲ್ಲಿ ದೇಶದಾದ್ಯಂತ 19,569 ಬಗೆಯ ಮಾತೃಭಾಷೆಗಳು ಪುಸ್ತಕಕ್ಕೆ ಬಂದವು. ಗಣತಿ ಕಚೇರಿಯವರು ಕಾಗುಣಿತದ ವ್ಯತ್ಯಾಸ, ಊರಿನ ಹೆಸರು, ಜಾತಿಯ ಹೆಸರುಗಳನ್ನೆಲ್ಲ ಸೋಸಿ 1,369ಕ್ಕೆ ಇಳಿಸಿದರು. ಅವನ್ನು ಮತ್ತೆ ಗುಂಪು ಮಾಡಿ, ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಆಡುವ 121 ಭಾಷೆಗಳ ಪಟ್ಟಿ ಹೊರತಂದರು. ಆ ಪಟ್ಟಿಯಲ್ಲಿ ಕನ್ನಡಕ್ಕೆ 4,37,06,512 ಜನ. ನೀಲಗಿರಿಯ ಬಡಗರು 1.33 ಲಕ್ಷ ಮಂದಿ ಕನ್ನಡದ ಲೆಕ್ಕದ ಒಳಗೇ ಸೇರಿದ್ದಾರೆ. ಸಂಕೇತಿ ಎಂಬ ಹೆಸರು 121ರಲ್ಲಿ ಇಲ್ಲ. ಹವ್ಯಕರ ಮಾತೂ ಇಲ್ಲ. ಸಂಸ್ಕೃತ ಮಾತ್ರ ಇದೆ, 24,821 ಜನರ ಮಾತೃಭಾಷೆಯಾಗಿ.

ಸಂಸ್ಕೃತದ ಹೆಸರು ಬಂದಾಗ ಪತ್ರಕರ್ತರು ತಪ್ಪದೆ ಓಡುವ ಊರು ಶಿವಮೊಗ್ಗದ ಪಕ್ಕದ ಮತ್ತೂರು. 1980ರ ದಶಕದಿಂದ ಅಲ್ಲಿ ಸಂಸ್ಕೃತ ಮಾತಾಡುವ ಅಭ್ಯಾಸ ಬೆಳೆಸಿರುವುದು ನಿಜ, ಅದರ ಶ್ರಮ ದೊಡ್ಡದು. ಆದರೆ ಆ ತುಂಗೆಯ ದಂಡೆಯ ಮನೆಗಳಲ್ಲಿ ಮಗು ಹುಟ್ಟಿದಾಗಿನಿಂದ ಕೇಳುವುದು ಸಂಕೇತಿ. ತಮಿಳು, ಮಲಯಾಳ, ಕನ್ನಡ ಕೂಡಿ ಶತಮಾನಗಳಲ್ಲಿ ಹದಗೊಂಡ, ಲಿಪಿಯಿಲ್ಲದ ಮಾತು. ಎಲ್ಲರೂ ಹೋಗಿ ಸಂಸ್ಕೃತ ಕೇಳಿ ಬರುತ್ತಾರೆ, ಆ ಹಳ್ಳಿಗೆ ನಿಜವಾಗಿ ಅಪರೂಪವಾದದ್ದನ್ನು ಯಾರೂ ಕೇಳುವುದಿಲ್ಲ. ಬೆಂಗಳೂರಿನ ಸಂಗೀತ ಸಭೆಗಳಿಗೆ ಸಂಕೇತಿ ಹೊಸತಲ್ಲ. ಕಾವೇರಿ ತೀರದ ರುದ್ರಪಟ್ಟಣದ ವಿದ್ವಾಂಸರ ದೊಡ್ಡ ಪರಂಪರೆ, ಆರ್.ಕೆ. ಶ್ರೀಕಂಠನ್ ಅವರನ್ನೂ ಸೇರಿಸಿ, ಆ ಮಾತಿನ ಮನೆಗಳದ್ದು. ವೇದಿಕೆಯ ಮೇಲೆ ತೆಲುಗು ಕೃತಿ, ಮೈಕಿನ ಮುಂದೆ ಕನ್ನಡ, ಪಕ್ಕವಾದ್ಯದವರ ಜೊತೆ ತಮಿಳು, ಹೆಂಡತಿಗೆ ಫೋನಿನಲ್ಲಿ ಸಂಕೇತಿ: ಒಂದೇ ಕಚೇರಿಯಲ್ಲಿ ನಾಲ್ಕು ಮಾತೂ ಸಲೀಸಾಗಿ ಸಾಗುತ್ತವೆ.

ಮಲ್ಲೇಶ್ವರಕ್ಕೆ ಬಂದರೆ ಮನೆಮಾತುಗಳಿಗೆ ಕಟ್ಟಡವೇ ಇದೆ. ಕರಾವಳಿಯಿಂದ ಬ್ಯಾಂಕು, ಕಾಲೇಜು, ಕಚೇರಿಯ ಕೆಲಸಕ್ಕೆ ಬಂದ ಸಾರಸ್ವತರು 1930ರಲ್ಲೇ ಕೆನರಾ ಯೂನಿಯನ್ ಕಟ್ಟಿಕೊಂಡರು. ಅಲ್ಲಿ ನಾಟಕ, ಕೇರಂ, ಊಟ ಎಲ್ಲಕ್ಕೂ ಕೊಂಕಣಿಯ ವಾಸನೆ. ಶಿರಾಲಿಯ ಚಿತ್ರಾಪುರ ಮಠದ ಶಾಖೆಯೂ ಮಲ್ಲೇಶ್ವರದಲ್ಲೇ. ಹವ್ಯಕರ ಮಹಾಸಭೆ 1943ರಲ್ಲಿ ಹುಟ್ಟಿ ಹನ್ನೊಂದನೇ ಕ್ರಾಸಿನಲ್ಲಿ ನೆಲೆಸಿದೆ. ಹವ್ಯಕರ ಮಾತು ಕನ್ನಡದ್ದೇ ಒಂದು ಬಗೆ ಎಂದು ಪಂಡಿತರು ಹೇಳಿದರೂ ಬಸವನಗುಡಿಯವರ ಕಿವಿಗೆ ಅದು ಅರ್ಧಕ್ಕರ್ಧ ಗೂಢಲಿಪಿ. ಕಾಡು ಮಲ್ಲೇಶ್ವರನಿಗೆ ಶಿವಾಜಿಯ ಮಲತಮ್ಮ ಏಕೋಜಿ 1669ರಲ್ಲಿ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಶಾಸನವಿದೆ. ಮಲ್ಲೇಶ್ವರಕ್ಕೆ ಹೊರಗಿನಿಂದ ಬಂದವರು ಗುಡಿಗೆ ಕೈಮುಗಿದು ನೆಲೆಯೂರುವ ಪದ್ಧತಿ ಬಡಾವಣೆಗಿಂತ ಬಹಳ ಹಳೆಯದು. ಹದಿನೈದನೇ ಕ್ರಾಸಿನ 'ಪಂಚವಟಿ'ಯಲ್ಲಿ ಸಿ.ವಿ. ರಾಮನ್ ಇದ್ದರು, ಅವರಿಗೆ ಜಗಲಿಯ ಕನ್ನಡ ಬೇಕಾಗಲಿಲ್ಲ, ಇಂಗ್ಲಿಷೇ ಸಾಕಾಯಿತು. ಹಾಗೆ ಸಾಕಾದವರೂ ಊರಲ್ಲಿ ಸಾಕಷ್ಟು ಮಂದಿ ಇದ್ದರು ಎಂಬುದನ್ನು ಮುಚ್ಚಿಡುವಂತಿಲ್ಲ.

ಹೋಟೆಲಿನ ಮಾತನ್ನು ಮರೆತು ಈ ಊರುಗಳ ಸ್ವಭಾವ ಬರೆದರೆ ಜನ ಕ್ಷಮಿಸುವುದಿಲ್ಲ. 1924ರಲ್ಲಿ ಎಂ.ಟಿ.ಆರ್. ಆರಂಭಿಸಿದ ಮಯ್ಯ ಸಹೋದರರು ಉಡುಪಿ ಕಡೆಯ ಕೋಟದ ಸೀಮೆಯವರು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದ ಉರಾಳರು ಸಾಲಿಗ್ರಾಮದವರು. ಅಡುಗೆಮನೆಯಲ್ಲಿ 'ಎಂತ ಮಾರಾಯ' ಎನ್ನುವ ಕುಂದಾಪುರದ ಕನ್ನಡ. ಎಣ್ಣೆ ಸುರಿದ ಕಾವಲಿಯಿಂದ ದೋಸೆ ತೋಳಿನ ಮೇಲೆ ಸಾಲಾಗಿ ಏರಿ ಸಭಾಂಗಣಕ್ಕೆ ಬರುವ ಹೊತ್ತಿಗೆ ಮಾಣಿಯ ಬಾಯಲ್ಲಿ 'ಏನ್ ಕೊಡ್ಲಿ ಸಾರ್' ಎಂಬ ಬೆಂಗಳೂರು ಕನ್ನಡ. ಅಡುಗೆಮನೆಗೂ ಊಟದ ಮೇಜಿಗೂ ನಡುವೆ ಹತ್ತು ಹೆಜ್ಜೆ, ಅಷ್ಟರಲ್ಲಿ ಭಾಷೆ ಬದಲಾಗುತ್ತದೆ. ಅಯ್ಯಂಗಾರ್ ಬೇಕರಿಗಳದ್ದೂ ಇದೇ ಕಥೆ. ಹಾಸನ ಜಿಲ್ಲೆಯ ಹಳ್ಳಿಗಳಿಂದ ಬಂದವರು ಗಲ್ಲಾಪೆಟ್ಟಿಗೆಯ ಈಚೆ ಕನ್ನಡ, ಆಚೆ ಹೆಬ್ಬಾರ ತಮಿಳು ಆಡುತ್ತ ನಗರಕ್ಕೆ ದಿಲ್‌ಪಸಂದ್ ತಿನ್ನಲು ಕಲಿಸಿದರು. ತಿಂಡಿಯ ಹೆಸರು ಉರ್ದುವಿನದು, ಮಾಡಿದವರು ವೈಷ್ಣವರು, ಇದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ.

ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಹೂ ಮಾರುವ ಹೆಂಗಸಿನ ಎದುರು ಸುಮ್ಮನೆ ಸ್ವಲ್ಪ ಹೊತ್ತು ನಿಂತರೆ ಇದೇ ವ್ಯವಹಾರ ಇನ್ನೂ ವೇಗವಾಗಿ ನಡೆಯುವುದು ಕಾಣುತ್ತದೆ. ಮೊಳಕೈ ಮಡಿಸಿ ಕನಕಾಂಬರ ಅಳೆಯುತ್ತ, "ಅಮ್ಮಾ, ಹಬ್ಬದ ರೇಟು, ಚೌಕಾಸಿ ಬೇಡ" ಎಂದು ಗಿರಾಕಿಗೆ ಕನ್ನಡ. ಪಕ್ಕದ ಮಾವಿನೆಲೆಯವಳಿಗೆ "ಚಿಲ್ಲರ ಉಂದಾ?" ಎಂದು ತೆಲುಗು. ಮೂಟೆ ಹೊತ್ತುತಂದ ಹುಡುಗನಿಗೆ "ಅಂಗ ವೈ ಪ್ಪಾ" ಎಂದು ತಮಿಳು. ಬುಟ್ಟಿಯ ಮೇಲೆ ಚಕ್ರ ಹತ್ತಿಸಲು ಬಂದ ಆಟೋದವನಿಗೆ ದಖನಿ ಉರ್ದುವಿನಲ್ಲಿ ಒಂದು ಬೈಗುಳ. ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಇಷ್ಟರಲ್ಲಿ ಮೊಳದ ಲೆಕ್ಕ ಅವಳಿಗೆ ಒಮ್ಮೆಯೂ ತಪ್ಪಿರುವುದಿಲ್ಲ.

ಇಲ್ಲೊಂದು ತಕರಾರು ಎತ್ತಲೇಬೇಕು. ಮಾಸ್ತಿ, ಡಿವಿಜಿ ಬೇರೆ ಮನೆಮಾತಿನವರಾಗಿ ಕನ್ನಡಕ್ಕೆ ದುಡಿದರು ಎಂದು ನಾವು ಭಾಷಣದಲ್ಲಿ ಮೆಚ್ಚುತ್ತೇವೆ. ಆ ಮೆಚ್ಚುಗೆ ಹೂವಿನವಳಿಗೆ ಸಿಗುವುದಿಲ್ಲ. ಲಾಲ್‌ಬಾಗಿನ ಸುತ್ತ, ಮಾವಳ್ಳಿಯ ಕಡೆ ತೋಟ ಮಾಡಿ ಊರಿಗೆ ಸೊಪ್ಪು ತರಕಾರಿ ತಿನ್ನಿಸಿದ ತಿಗಳರು ತಮಿಳು ಮೂಲದವರು. ಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆಗೆ ಹೊರಡುವ ಕರಗ ಅವರದು, ಬೆಂಗಳೂರಿನ ಅತಿ ದೊಡ್ಡ ಹಬ್ಬ ಅದು. ನಸುಕಿನಲ್ಲಿ ಈ ರಸ್ತೆಗಳನ್ನು ಗುಡಿಸುವ ಪೌರಕಾರ್ಮಿಕರಲ್ಲಿ ತೆಲುಗು ಮನೆಮಾತಿನವರು ಬಹಳ. ಚಾಮರಾಜಪೇಟೆಯ ಮೆಕ್ಯಾನಿಕ್ಕು, ಬಡಗಿ, ಗಾರೆಯವರ ಮನೆಗಳಲ್ಲಿ ದಖನಿ. ಇವರೆಲ್ಲ ಜಗಲಿಗೆ ಬಂದರೆ ಕನ್ನಡವನ್ನೇ ಆಡುತ್ತಾರೆ, ಅದೂ ನನ್ನ ಅಪಾರ್ಟ್‌ಮೆಂಟಿನ ಮಕ್ಕಳಿಗಿಂತ ಚೆನ್ನಾಗಿ. ಆದರೂ 'ಅವರು ಹೊರಗಿನವರು' ಎಂಬ ಮಾತು ಇವರ ಬಗ್ಗೆ ಎಷ್ಟು ಬೇಗ ಬರುತ್ತದೆ! ಬಡಾವಣೆ ಹಾಕಿದಾಗಲೇ ಜಾತಿಗೊಂದು ಸಾಲು, ಮತಕ್ಕೊಂದು ಮೂಲೆ ಎಂದು ನಿವೇಶನ ಹಂಚಿದ್ದರು. ಜಗಲಿಯ ಕನ್ನಡ ಎಲ್ಲರದಾದರೂ ಜಗಲಿ ಎಲ್ಲರದಾಗಿರಲಿಲ್ಲ.

ಜಗಲಿಯಲ್ಲಿ ಜಗಳವೂ ಆಗಿದೆ. ಚಾಮರಾಜಪೇಟೆಗೆ ಎರಡು ಮುಖ. ಒಂದು ಕಡೆ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು. ಇನ್ನೊಂದು ಕಡೆ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ರಾಮೋತ್ಸವ. ಪ್ರತಿ ರಾಮನವಮಿಗೆ ಅಲ್ಲಿನ ಚಪ್ಪರದ ಕೆಳಗೆ ಮದರಾಸಿನ ದೊಡ್ಡ ವಿದ್ವಾಂಸರ ಕಚೇರಿ. 1960ರ ದಶಕದ ಆರಂಭದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದವರು ಇದನ್ನೇ ಹಿಡಿದು ಗದ್ದಲ ಎಬ್ಬಿಸಿದರು: ಕನ್ನಡ ನಾಡಿನ ರಾಜಧಾನಿಯಲ್ಲಿ ಕನ್ನಡದ ಕಲಾವಿದರಿಗೆ ಜಾಗವಿಲ್ಲವೇ, ಕನ್ನಡದ ಹಾಡು ಏಕಿಲ್ಲ? ಮುಂದೆ ಹಳದಿ ಕೆಂಪು ಬಾವುಟ ಕೊಟ್ಟವರು ಇದೇ ರಾಮಮೂರ್ತಿ. ಕನ್ನಡ ಚಳವಳಿ ಎಂದು ನಾವು ಈಗ ಕರೆಯುವುದರ ಒಂದು ಬೇರು ಸಂಗೀತದ ಚಪ್ಪರದ ಕೆಳಗಿದೆ. ಅವರ ಕೇಳಿಕೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ. ಮನೆಯೊಳಗೆ ಏನಾದರೂ ಆಡಿಕೊಳ್ಳಿ, ಜಗಲಿಯಲ್ಲಿ ಕನ್ನಡಕ್ಕೆ ಮೊದಲ ಮಣೆ ಹಾಕಿ ಎಂಬ ಹಳೆಯ ಒಪ್ಪಂದವನ್ನೇ ಅವರು ನೆನಪಿಸಿದ್ದು. 1949ರಲ್ಲಿ ಪೇಟೆ ಮತ್ತು ದಂಡಿನ ಎರಡು ಮುನಿಸಿಪಾಲಿಟಿಗಳು ಕೂಡಿ ಒಂದೇ ಕಾರ್ಪೊರೇಷನ್ ಆದ ಮೇಲೆ ಆ ಒಪ್ಪಂದ ಗೊತ್ತಿಲ್ಲದ ಅರ್ಧ ಊರು ಜೊತೆಗೆ ಸೇರಿತ್ತು. ಚಳವಳಿಗೆ ಕಾವು ಬರಲು ಅದೂ ಒಂದು ಕಾರಣ.

ಮಾತಿನ ಜಗಳ ನಮ್ಮಲ್ಲಿ ಮಾತ್ರ ಇರುವುದಲ್ಲ. ಒಂದು ಊರಿನ ಜನ ಯಾವ ಮಾತು ಆಡುತ್ತಾರೆ ಎಂದು ಲೆಕ್ಕ ಹಾಕುವುದು ಎಲ್ಲ ಕಡೆಯೂ ಕೈ ಸುಡುವ ಕೆಲಸವೇ. ಬೆಲ್ಜಿಯಂನಲ್ಲಿ ಗಣತಿಯ ಭಾಷಾ ಲೆಕ್ಕದ ಮೇಲೆ ಹಳ್ಳಿಗಳು ಫ್ರೆಂಚ್ ಕಡೆಗೋ ಡಚ್ ಕಡೆಗೋ ವಾಲುತ್ತಿದ್ದವು. 1947ರ ಲೆಕ್ಕವೇ ಕಡೆಯದು. ಜಗಳ ತಾಳಲಾರದೆ ಆ ಪ್ರಶ್ನೆಯನ್ನೇ ಗಣತಿಯ ಹಾಳೆಯಿಂದ ತೆಗೆದುಹಾಕಿ, 1960ರ ದಶಕದ ಮೊದಲಲ್ಲಿ ಭಾಷೆಯ ಗಡಿಯನ್ನು ಕಾನೂನಿನಿಂದ ಗೀಚಿದರು. ಸುಮಾರು ನಾಲ್ಕು ಸಾವಿರ ಜನರಿರುವ ಫೂರೆನ್ ಎಂಬ ಆರು ಹಳ್ಳಿಗಳ ಗುಂಪು ಡಚ್ ಮಾತಿನ ಲಿಂಬರ್ಗ್ ಪ್ರಾಂತ್ಯದ ಪಾಲಿಗೆ ಬಂತು. ಫ್ರೆಂಚ್ ಮಾತಿನವರು ಒಪ್ಪಲಿಲ್ಲ. ಅಲ್ಲಿನ ಫ್ರೆಂಚ್ ಮೇಯರ್ ಡಚ್ ಪರೀಕ್ಷೆಗೆ ಕೂರುವುದಿಲ್ಲ ಎಂದು ಹಟ ಹಿಡಿದದ್ದರಿಂದ 1987ರಲ್ಲಿ ದೇಶದ ಸರ್ಕಾರವೇ ಬಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಇವತ್ತಿಗೂ ಕೇರಳದಲ್ಲೇ ಇರುವುದನ್ನು ಬಲ್ಲ ನಮಗೆ ಫೂರೆನ್ನಿನವರ ಸಂಕಟ ವಿವರಿಸಿ ಹೇಳಬೇಕಾಗಿಲ್ಲ.

ಕೆನಡಾದವರ ದಾರಿ ಬೇರೆ. ಅವರೂ ಮಾತೃಭಾಷೆ ಕೇಳುತ್ತಾರೆ. ಅದರ ಜೊತೆ ಮನೆಯಲ್ಲಿ ದಿನವೂ ಯಾವುದು, ಹೆಚ್ಚಾಗಿ ಯಾವುದು, ಕೆಲಸದ ಜಾಗದಲ್ಲಿ ಯಾವುದು, ಇಂಗ್ಲಿಷ್ ಫ್ರೆಂಚುಗಳಲ್ಲಿ ಯಾವುದರಲ್ಲಿ ಮಾತಾಡಬಲ್ಲಿರಿ ಎಂದು ಬೇರೆ ಬೇರೆಯಾಗಿ ಕೇಳುತ್ತಾರೆ. ಎರಡು ಮಾತನ್ನು ಒಟ್ಟಿಗೆ ಕಲಿತಿದ್ದರೆ ಎರಡನ್ನೂ ಮಾತೃಭಾಷೆ ಎಂದು ಬರೆಸಬಹುದು. ಹಾಗಾಗಿ ಕ್ವಿಬೆಕ್‌ನ ಕೆಲವೇ ನೂರು ಜನರ ಹಳ್ಳಿಯ ಬಗ್ಗೆಯೂ, ಒಳಮನೆಯಲ್ಲಿ ಏನು ನಡೆಯುತ್ತದೆ, ಬೀದಿಯಲ್ಲಿ ಏನು ನಡೆಯುತ್ತದೆ ಎಂದು ಬೇರ್ಪಡಿಸಿ ಹೇಳಬಲ್ಲ ಅಂಕಿಗಳಿವೆ. ನಮ್ಮ ಗಣತಿಯಲ್ಲಿ ಮಾತೃಭಾಷೆಗೆ ಒಂದೇ ಮನೆ, ಬಲ್ಲ ಇತರ ಭಾಷೆಗಳಿಗೆ ಎರಡು. 2011ರ ಪ್ರಕಾರ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಶೇ 66, ಉರ್ದು ಸುಮಾರು ಶೇ 11, ತೆಲುಗು ಸುಮಾರು ಶೇ 6. ಟಿವಿ ಚರ್ಚೆಗಳಲ್ಲಿ ಈ 66ನ್ನು ಹಿಡಿದು 'ಮೂರರಲ್ಲೊಬ್ಬ ಕನ್ನಡಿಗನಲ್ಲ' ಎಂದು ಅರಚುವುದನ್ನು ಕೇಳಿದಾಗಲೆಲ್ಲ ನನಗೆ ಗವೀಪುರದ ಮನೆ ನೆನಪಾಗುತ್ತದೆ. ಆ ಲೆಕ್ಕದಲ್ಲಿ ಮಾಸ್ತಿಯವರೂ ಕನ್ನಡಿಗರಲ್ಲದವರ ಪಟ್ಟಿಗೆ ಬೀಳುತ್ತಾರೆ.

ಈಗ ಜಗಲಿ ಎಲ್ಲಿದೆ ಎನ್ನುವುದು ಬೇರೆಯೇ ಪ್ರಶ್ನೆ. ತೆಂಗಿನಮರದ ಹಿತ್ತಿಲಿದ್ದ ಮನೆಗಳು ಒಂದೊಂದಾಗಿ ನಾಲ್ಕಂತಸ್ತಿನ ಫ್ಲ್ಯಾಟುಗಳಾಗುತ್ತಿವೆ. ಅಣ್ಣತಮ್ಮಂದಿರು ಪಾಲು ಹಂಚಿಕೊಂಡು ಬಿಲ್ಡರಿಗೆ ಕೊಟ್ಟ ಜಾಗದಲ್ಲಿ ಜಗಲಿಯ ಬದಲು ಕಾರು ನಿಲ್ಲಿಸುವ ಸ್ಟಿಲ್ಟ್ ಇದೆ. ಮೆಟ್ಟಿಲಲ್ಲಿ ಎದುರಾಗುವವರಿಗೆ ಮೊದಲು ಬರುವ ಮಾತು ಇಂಗ್ಲಿಷ್. ಹೊಸದು ಇಷ್ಟೇ ಆಗಿದ್ದರೆ ಹಳೆಯ ಏರ್ಪಾಟು ತಾಳಿಕೊಳ್ಳುತ್ತಿತ್ತೇನೋ. ಬದಲಾಗಿರುವುದು ಒಳಮನೆ. ತೆಲುಗು ಮನೆಯ ಹುಡುಗ, ಕೊಂಕಣಿ ಮನೆಯ ಹುಡುಗಿ ಮದುವೆಯಾದರೆ ಹಿಂದಿನ ಲೆಕ್ಕದಲ್ಲಿ ಇಬ್ಬರಿಗೂ ಸಲ್ಲುವ ಕನ್ನಡ ಮನೆಮಾತಾಗಬೇಕಿತ್ತು. ಹಾಗೆ ಆದ ಮನೆಗಳು ಬಸವನಗುಡಿಯಲ್ಲಿ ಬೇಕಾದಷ್ಟಿವೆ. ಈ ಊರಿನಲ್ಲಿ ಕನ್ನಡ ಮಾತೃಭಾಷೆಯವರು ಹೆಚ್ಚಿದ್ದರಲ್ಲಿ ಅಂಥ ಮದುವೆಗಳ ಪಾಲೂ ಇದೆ. ಈಗಿನ ದಂಪತಿಗಳು ಮಗುವಿನ ಜೊತೆ ಆಡುವುದು ಇಂಗ್ಲಿಷ್. ಅಜ್ಜಿ ಮಾತ್ರ ಕನ್ನಡದಲ್ಲಿ ಮಾತಾಡಿಸುತ್ತಾಳೆ, ಮೊಮ್ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ.

2011ರಲ್ಲಿ ಇಡೀ ದೇಶದಲ್ಲಿ ಇಂಗ್ಲಿಷ್ ತಮ್ಮ ಮಾತೃಭಾಷೆ ಎಂದವರು 2,59,678 ಮಂದಿ. ಮಹಾರಾಷ್ಟ್ರ, ತಮಿಳುನಾಡು ಬಿಟ್ಟರೆ ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ನಿಯಮವನ್ನು ಅಕ್ಷರಶಃ ಹಿಡಿದರೆ, ಬಾಲ್ಯದಲ್ಲಿ ತಾಯಿ ಆಡಿದ ಮಾತೇ ಮಾತೃಭಾಷೆಯಾದರೆ, ಮಲ್ಲೇಶ್ವರದ ಎಷ್ಟೋ ಮಕ್ಕಳ ಕಾಲಂನಲ್ಲಿ ಇನ್ನು ಇಂಗ್ಲಿಷ್ ಎಂದೇ ಬರೆಯಬೇಕಾಗುತ್ತದೆ. ಮುಂದಿನ ಗಣತಿ 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡಿದೆ. ಈ ಸಲ ಮನೆಯವರೇ ಆನ್‌ಲೈನಿನಲ್ಲಿ ವಿವರ ತುಂಬಿಕೊಳ್ಳಲೂ ಅವಕಾಶವಿದೆ. ಹಾಗೆ ತುಂಬಿದರೆ ಎದುರಿಗೆ ಕೂತು ನಿಯಮ ಹೇಳಲು ಶಾಲೆಯ ಮೇಡಂ ಇರುವುದಿಲ್ಲ. ಮಗುವಿನ ಮಾತೃಭಾಷೆ ಯಾವುದೆಂದು ಅತ್ತೆ ಸೊಸೆ ತಾವೇ ಮಾತಾಡಿ ತೀರ್ಮಾನಿಸಬೇಕು. ಫೋನ್ ಸೊಸೆಯ ಕೈಯಲ್ಲಿರುತ್ತದೆ.